ಉಪ್ಪು ಹೊತ್ತು ಉದುರುವ ಎಲೆ

ಮಧುವನಹಳ್ಳಿಗೆ ಹೋಗಿ ಪುಟ್ಟಮಾದಪ್ಪನ ಮನೆ ಯಾವುದು ಎಂದು ಕೇಳಿದರೆ, ಯಾವ ಪುಟ್ಟಮಾದಪ್ಪ ಎಂಬ ಮರುಪ್ರಶ್ನೆ ಬರುತ್ತಿತ್ತು. ಆ ಹೆಸರಿನವರು ಬೀದಿಗಿಬ್ಬರು. ಗಾರ್ಡ್ ಮಾದಪ್ಪ ಎಂದರೆ ಮಾತ್ರ ಚಿಕ್ಕ ಮಕ್ಕಳೂ ಕೈ ತೋರಿಸುತ್ತಿದ್ದರು. ಮೂವತ್ತೈದು ವರ್ಷ ಮದ್ರಾಸ್ ಸರ್ಕಾರದ ಕಾಡು ಕಾದು ಪಿಂಚಣಿಗೆ ಬಂದವನು. ಕೆಲಸ ಬಿಟ್ಟರೂ ಖಾಕಿ ಕೋಟು ಬಿಟ್ಟಿರಲಿಲ್ಲ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಅದರ ಮೇಲೆ ಗುಂಡಿ ಉದುರಿದ ಆ ಕೋಟು. ಹೊಲಕ್ಕೆ ಹೋದರೂ ಅದೇ, ನೆಂಟರ ಮದುವೆಗೆ ಹೋದರೂ ಅದೇ.

ಒಳ್ಳೆಯ ಮನುಷ್ಯ. ಸೌದೆ ಹೊರೆ ಹೊತ್ತ ಬಡ ಹೆಂಗಸರು ಎದುರಾದರೆ ಮುಖ ಆ ಕಡೆ ತಿರುಗಿಸಿಕೊಂಡು ಮರ ಎಣಿಸುತ್ತ ನಿಂತುಬಿಡುತ್ತಿದ್ದ ಎಂದು ಬಂಡಳ್ಳಿ ಕಡೆಯವರು ಬಹಳ ಕಾಲ ನೆನೆಯುತ್ತಿದ್ದರು. ಆದರೆ ಬಾಯಿ ದೊಡ್ಡದು. ಮನಸ್ಸಿಗೂ ಬಾಯಿಗೂ ನಡುವೆ ಎಲ್ಲರಿಗೂ ಒಂದು ಬಾಗಿಲಿರುತ್ತದೆ. ಮಾದಪ್ಪನಿಗೆ ದೇವರು ಅದನ್ನು ಇಡುವುದು ಮರೆತಿದ್ದ. ಆ ಬಾಯಿಂದ ಬಂದ ಒಂದೇ ಒಂದು ಮಾತು ಒಬ್ಬ ಹೆಣ್ಣುಮಗಳ ಬಾಳನ್ನು ಮುರಿಯುವುದರಲ್ಲಿತ್ತು.

ಆಗ ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು, ಬಂಡಳ್ಳಿಯ ಕಾಡುಗಳಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿ ಬೀಟು ತಿರುಗಿದ ಮಾದಪ್ಪನಿಗೆ ಸಾವಿರದ ಒಂಬೈನೂರ ಮೂವತ್ತಾರರಲ್ಲಿ ವರ್ಗವಾಯಿತು. ಎಲ್ಲಿಗೆ? ಚಿದಂಬರದ ಆಚೆ, ಸಮುದ್ರದಂಚಿನ ಪಿಚ್ಚಾವರಕ್ಕೆ. ಹೆಂಡತಿ ಶಂಕರಮ್ಮ ಅತ್ತಳು. ಚಿದಂಬರ ಅಂದರೆ ಶಿವನ ಸ್ಥಳ, ಅಳಬಾರದು ಎಂದು ಅವಳಿಗೆ ಬುದ್ಧಿ ಹೇಳಿ ಟ್ರಂಕು ಹೊತ್ತು ಹೊರಟ. ಅಲ್ಲಿಗೆ ಹೋದ ಮೇಲೆ ತಾನೇ ಅತ್ತ.

ಅದು ಕಾಡೇ ಅಲ್ಲ ಎನಿಸಿತು ಅವನಿಗೆ. ಹೊನ್ನೆ, ದಿಂಡಿಗ, ಶ್ರೀಗಂಧ ಕಂಡ ಕಣ್ಣಿಗೆ ಕೆಸರಿನಲ್ಲಿ ಕಾಲೂರಿ ನಿಂತ ಕುಳ್ಳು ಮರಗಳು ಕಾಡು ಅನಿಸುವುದಾದರೂ ಹೇಗೆ? ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುವ ಮರ ಅದು. ಅಲ್ಲಿನ ತಮಿಳರು ಕಂಡಲ್ ಎನ್ನುತ್ತಿದ್ದರು. ಸಮುದ್ರದ ನೀರು ದಿನವೂ ಏರಿ ಬಂದು ಬೇರುಗಳನ್ನು ಮುಳುಗಿಸಿ ಇಳಿದುಹೋಗುತ್ತಿತ್ತು. ಬಾಯಿಗಿಟ್ಟರೆ ಉಗುಳಬೇಕು, ಅಂಥ ನೀರು. ಎರಡು ಹಿಡಿ ಉಪ್ಪು ಬುಡಕ್ಕೆ ಬಿದ್ದರೆ ನಮ್ಮ ಕಡೆ ನುಗ್ಗೆ ಮರ ಸೊರಗುತ್ತದೆ. ಇವು ಮಾತ್ರ ಹಬ್ಬಕ್ಕೆ ನಿಂತವರ ಹಾಗೆ ಹಸಿರಾಗಿದ್ದವು. ಮಾದಪ್ಪನಿಗೆ ಅದೊಂದು ಒಗಟಾಯಿತು.

ಅಲ್ಲಿ ದೋಣಿ ನಡೆಸಲು ಇಲಾಖೆಯ ಕೂಲಿಗೆ ಬರುತ್ತಿದ್ದ ಅಂಜಲೈ ಎಂಬ ಮುದುಕಿ ಇದ್ದಳು. ಸೊಂಟದ ತನಕ ಕೆಸರಿಗಿಳಿದು ಬರಿಗೈಯಲ್ಲಿ ಏಡಿ ಹಿಡಿಯುವವಳು. ಮಾದಪ್ಪನಿಗೆ ಗಡಿ ಸೀಮೆಯ ತಮಿಳು ಬರುತ್ತಿತ್ತು. ಅದನ್ನು ಕೇಳಿ ಅವಳು ನಗುತ್ತಿದ್ದಳು. ಒಂದು ದಿನ ಅವನು ಈ ಒಗಟನ್ನು ಕೇಳಿದಾಗ ಅವಳು ಕೈಗೆ ಸಿಕ್ಕಿದ ಎಲೆಯೊಂದನ್ನು ಕಿತ್ತು ಚಾಚಿದಳು.

"ನಕ್ಕಿ ಪಾರುಂಗ ಐಯಾ," ನೆಕ್ಕಿ ನೋಡಿ ಎಂದಳು.

ಏಡಿ ಹಿಡಿದ ಕೈ, ಕೆಸರಿನ ಎಲೆ. ಮಾದಪ್ಪ ಅತ್ತಿತ್ತ ನೋಡಿ, ಮನಸ್ಸಿನಲ್ಲೇ ಶಿವನ ಕ್ಷಮೆ ಕೇಳಿ ನೆಕ್ಕಿದ. ನಾಲಗೆಗೆ ಉಪ್ಪು ಹರಳು ಹರಳಾಗಿ ಸಿಕ್ಕಿತು. ಈ ಜಾತಿಯ ಮರ ತಾನು ಕುಡಿದ ಉಪ್ಪನ್ನು ಎಲೆಯ ಮೇಲೆ ಬೆವರಿನ ಹಾಗೆ ಹೊರಗೆ ಹಾಕುತ್ತದೆ ಎಂದಳು ಮುದುಕಿ. ಕೊಂಬೆಯಿಂದ ಊರುಗೋಲಿನಂಥ ಬೇರು ಇಳಿಸಿದ ಇನ್ನೊಂದು ಜಾತಿಯನ್ನು ತೋರಿಸಿದಳು. ಅದು ಬೇರಿನಲ್ಲೇ ಉಪ್ಪನ್ನು ತಡೆದು ನೀರನ್ನಷ್ಟೇ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಕೆಸರಿನೊಳಗೆ ಉಸಿರು ಸಿಗದೆಂದು ಸಣ್ಣ ಬೇರುಗಳು ಮೊಳೆ ಹೊಡೆದಂತೆ ನೆಲದ ಮೇಲಕ್ಕೆದ್ದು ಗಾಳಿ ಕುಡಿಯುತ್ತವೆ. ಬರಿಯ ಬೀಜ ಉಪ್ಪಿಗೆ ಬಿದ್ದರೆ ಉಳಿಯುವುದು ಕಷ್ಟವೆಂದು ತಾಯಿಮರ ಅದನ್ನು ಕೊಂಬೆಯಲ್ಲೇ ಮೊಳೆಸಿ, ಗೇಣುದ್ದ ಬೆಳೆಸಿ, ಆಮೇಲೆ ಕೆಳಕ್ಕೆ ಬಿಡುತ್ತದೆ. ಇಷ್ಟೆಲ್ಲ ಮಾಡಿದರೂ ಒಳಗೆ ಒಂದಿಷ್ಟು ಉಪ್ಪು ಉಳಿದೇ ಉಳಿಯುತ್ತದಲ್ಲ, ಅದನ್ನು ಮರ ಏನು ಮಾಡೀತು? ಕೆಲವು ಮರಗಳು ಮುದಿ ಎಲೆಗಳಿಗೆ ತುಂಬುತ್ತವೆ ಎಂದಳು ಅಂಜಲೈ. ಆ ಎಲೆ ಹಳದಿಗೆ ತಿರುಗಿ, ಹೊರೆ ಹೊತ್ತುಕೊಂಡೇ ಉದುರುತ್ತದೆ. ಕುಡಿ ಬದುಕಿಕೊಳ್ಳುತ್ತದೆ.

ಏಳು ವರ್ಷ ಅಲ್ಲಿದ್ದು, ಮತ್ತೆ ಹನೂರಿಗೆ ಬಂದು, ಐದು ವರ್ಷಕ್ಕೆ ಪಿಂಚಣಿ ಪಡೆದು ಮನೆಗೆ ಬಂದ ಮಾದಪ್ಪ ಈ ಕಥೆಯನ್ನು ಊರಿಗೆ ಎಷ್ಟು ಸಲ ಹೇಳಿದನೋ ಲೆಕ್ಕವಿಲ್ಲ. ಮಾತು ಮಳೆಯಿಂದ ಶುರುವಾಗಲಿ, ಎತ್ತಿನ ಕಾಲುಬೇನೆಯಿಂದ ಶುರುವಾಗಲಿ, ಪಿಚ್ಚಾವರಕ್ಕೆ ಬಂದು ನಿಲ್ಲುತ್ತಿತ್ತು. ಪಕ್ಕದ ಮನೆಯ ಕೆಂಪನಂಜಪ್ಪ ಕೀಟಲೆಯವನು. "ಶುರುವಾಯ್ತು ಕಣ್ರಪ್ಪ ಉಪ್ಪಿನ ಕಾಡು! ಎಲ್ಲಾರೂ ಎಲೆಅಡ್ಕೆ ಆಕ್ಕಂಡು ಸರಿಯಾಗಿ ಕೂತ್ಕಳಿ," ಎನ್ನುತ್ತಿದ್ದ. ಮಾದಪ್ಪನಿಗೆ ಕೋಪ ಬರುತ್ತಿತ್ತು, ಆದರೆ ಕಥೆ ನಿಲ್ಲುತ್ತಿರಲಿಲ್ಲ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಕಲಗಚ್ಚಿನ ಬಾನಿಗೆ ಬಿತ್ತಂತೆ. ಉಪ್ಪಿನ ಎಲೆಯ ಕಥೆಯನ್ನು ಹತ್ತೂರಿಗೆ ಹೇಳಿದ ಈ ಮನುಷ್ಯನಿಗೆ ತನ್ನ ತೋಟದ ಎಲೆ ಕಣ್ಣಿಗೆ ಬೀಳಲಿಲ್ಲ.

ತೋಟ ಅಂದರೆ ಹಿಪ್ಪುನೇರಳೆ ತೋಟ. ಯುದ್ಧದ ಕಾಲದಲ್ಲಿ ರೇಷ್ಮೆಗೆ ಎಲ್ಲಿಲ್ಲದ ಗಿರಾಕಿ ಬಂದಾಗ ಕೊಳ್ಳೇಗಾಲದ ಸುತ್ತ ಸಿಕ್ಕ ಸಿಕ್ಕ ನೆಲಕ್ಕೆಲ್ಲ ಜನ ಆ ಕಡ್ಡಿ ನೆಟ್ಟರು. ಗಂಡ ಸಮುದ್ರ ಕಾಯುತ್ತಿದ್ದಾಗ ಶಂಕರಮ್ಮನೂ ಕಾಲುವೆ ಪಕ್ಕದ ತಗ್ಗಿನ ಗದ್ದೆಯಲ್ಲಿ ಬತ್ತ ಬಿಟ್ಟು ಹಿಪ್ಪುನೇರಳೆ ಹಾಕಿಸಿದಳು. ಬೇಸಿಗೆಯಲ್ಲಿ ಆ ನೆಲದ ಮೇಲೆ ಬಿಳಿ ಪುಡಿ ಏಳುತ್ತಿತ್ತು. ಮಡಿವಾಳರ ಮಾದಯ್ಯ ಬಂದು ಬಟ್ಟೆ ಒಗೆಯಲು ಆ ಸೌಳು ಮಣ್ಣನ್ನು ಗೋರಿಕೊಂಡು ಹೋಗುತ್ತಿದ್ದ. ಬತ್ತಕ್ಕೆ ನೀರು ನಿಲ್ಲಿಸುತ್ತಿದ್ದ ಕಾಲದಲ್ಲಿ ಸೌಳು ತೊಳೆದುಹೋಗುತ್ತಿತ್ತು. ಹಿಪ್ಪುನೇರಳೆ ಬಂದ ಮೇಲೆ ಅದು ನೆಲದಲ್ಲೇ ಉಳಿಯಿತು. ಎಲ್ಲರಿಗೂ ಗೊತ್ತಿದ್ದ ಸಂಗತಿ, ಆದ್ದರಿಂದಲೇ ಯಾರೂ ಅದರ ಬಗ್ಗೆ ಯೋಚಿಸಲಿಲ್ಲ.

ಶಂಕರಮ್ಮ ಏಳು ವರ್ಷ ಹುಳು ಸಾಕಿದಳು. ಒಂದು ಸಲವೂ ಕೆಡಲಿಲ್ಲ. ಅವಳಿಗೆ ಸೊಂಟನೋವು, ಬಗ್ಗುವುದು ಆಗುತ್ತಿರಲಿಲ್ಲ. ನಿಂತು ಕೈಗೆ ಎಟುಕಿದಷ್ಟು ಸೊಪ್ಪು ಕೊಯ್ದು ತರುತ್ತಿದ್ದಳು. ಬುಡದ ಎಲೆಗಳನ್ನು ಎಮ್ಮೆ ಬಿಟ್ಟು ಮೇಯಿಸಿಬಿಡುತ್ತಿದ್ದಳು.

ಐವತ್ತರಲ್ಲಿ ಮಗ ಷಡಕ್ಷರಿಗೆ ಮದುವೆಯಾಯಿತು. ಸೊಸೆ ಶಿವರತ್ನಮ್ಮ ಎಳಂದೂರು ಕಡೆಯ ಮಾಂಬಳ್ಳಿಯವಳು, ಆಗಿನ ಲೆಕ್ಕದಲ್ಲಿ ಗಡಿಯಾಚೆಯ ಮೈಸೂರು ಸೀಮೆಯ ಹೆಣ್ಣು. ಎಲ್ಲರೂ ರತ್ನ ಎನ್ನುತ್ತಿದ್ದರು. ಬಲು ಚುರುಕು. ತೌರಿನಲ್ಲಿ ಹುಳುವಿನ ಮನೆಯಲ್ಲೇ ಬೆಳೆದವಳು. ಅಲ್ಲಿ ಸುವರ್ಣಾವತಿಯ ಸಿಹಿನೀರು, ಸಿಹಿನೆಲ. ಒಂದು ಎಲೆಯನ್ನೂ ಹಾಳುಮಾಡಬಾರದು ಎಂದು ತಾಯಿ ಹೇಳಿಕೊಟ್ಟಿದ್ದಳು. ಎಳೆ ಹುಳುವಿಗೆ ಕುಡಿ ಎಲೆ, ನಾಲ್ಕನೇ ಜ್ವರ ಎದ್ದ ದೊಡ್ಡ ಹುಳುವಿಗೆ ಬುಡದ ದಪ್ಪ ಎಲೆ. ಜ್ವರ ಅಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ದಿನಗಳು; ನಾಲ್ಕು ಜ್ವರ ಎದ್ದ ಹುಳು ಬಕಾಸುರನ ಹಾಗೆ ತಿನ್ನುತ್ತದೆ. ಅತ್ತೆ ಎಮ್ಮೆಗೆ ಮೇಯಿಸುತ್ತಿದ್ದ ಬುಡದ ಎಲೆಗಳನ್ನು ರತ್ನ ನೆಲಕ್ಕೆ ಕೂತು ಒಂದೊಂದಾಗಿ ಬಿಡಿಸಿ ಮಡಿಲು ತುಂಬಿಕೊಂಡು ಬರತೊಡಗಿದಳು. ನೋಡಿದವರೆಲ್ಲ ಮೆಚ್ಚಿದರು. ಮಾದಪ್ಪನಂತೂ, "ಸೊಸೆ ಅಂದ್ರೆ ಇಂಗಿರ್ಬೇಕು. ಒಂದೆಲೆ ಪೋಲು ಮಾಡಾಕಿಲ್ಲ," ಎಂದು ಬೀದಿಗೆಲ್ಲ ಸಾರಿದ.

ಮೊದಲ ಸಾಕಣೆಯಲ್ಲೇ ಹುಳು ಕೆಟ್ಟವು. ನಾಲ್ಕನೇ ಜ್ವರದ ತನಕ ಎಲ್ಲ ಸರಿ. ಆಮೇಲೆ ಸೊಪ್ಪಿನ ಮೇಲೆ ತಲೆ ಎತ್ತಿ ಎತ್ತಿ ತಟ್ಟೆಯ ಅಂಚಿಗೆ ಹರಿದವು. ನೀರು ನೀರಾಗಿ ಕಕ್ಕಿ ಸತ್ತವು. ಉಳಿದವು ಈರುಳ್ಳಿ ಸಿಪ್ಪೆಯಂಥ ತೆಳು ಗೂಡು ಕಟ್ಟಿದವು. ಯಾರದೋ ದೃಷ್ಟಿ ಎಂದರು. ಎರಡನೆಯ ಸಲವೂ ಹಾಗೇ ಆಯಿತು. ಬಾಗಿಲಿಗೆ ಬೇವು ಕಟ್ಟಿದರು, ಹೊರಗಿನವರ ನೆರಳು ಬೀಳದ ಹಾಗೆ ಗೋಣಿ ತೂಗುಬಿಟ್ಟರು. ರತ್ನ ಉಪವಾಸವಿದ್ದು, ದಿನಕ್ಕೆರಡು ಸಲ ಮಿಂದು, ಮೊದಲಿಗಿಂತ ಹೆಚ್ಚು ಜತನದಿಂದ ಬುಡದ ಎಲೆ ಬಿಡಿಸಿ ತಂದು ಹಾಕಿದಳು. ಮೂರನೆಯ ಸಲ ಒಂದು ತಟ್ಟೆಯೂ ಉಳಿಯಲಿಲ್ಲ. ಪಾಪ, ಎಷ್ಟು ಜತನ ಮಾಡಿದಳೋ ಅಷ್ಟೂ ಕೇಡಾಯಿತು.

ಅವತ್ತು ಬೆಳಿಗ್ಗೆ ಸತ್ತ ಹುಳುಗಳನ್ನು ಗುಂಡಿಗೆ ಸುರಿದು ಬಂದಾಗ ಜಗಲಿಯ ಮೇಲೆ ಕೆಂಪನಂಜಪ್ಪನೂ ಇನ್ನೂ ಐದಾರು ಜನವೂ ಸಾವಿನ ಮನೆಗೆ ಬಂದವರ ಹಾಗೆ ಕೂತಿದ್ದರು. ಯಾರೋ, ಏನಾಗಿರಬಹುದು ಗಾರ್ಡೇ ಎಂದರು. ಮಾದಪ್ಪ ಒಂದು ಗಳಿಗೆ ಸುಮ್ಮನಿದ್ದಿದ್ದರೆ ಸಾಕಿತ್ತು.

"ಏಳು ವರ್ಸ ನಮ್ಮನೇಲಿ ಒಂದು ಉಳ ಸತ್ತಿರ್ನಿಲ್ಲ," ಎಂದ. "ತೋಟ ಅದೇಯ. ತಟ್ಟೆ ಅದೇಯ. ಮನೆ ಅದೇಯ. ಬದ್ಲಾಗಿರಾದು ಕೈ ಒಂದೇ ಕಣ್ರಪ್ಪ. ಕೈಗುಣ. ಇನ್ನೇನು ಯೇಳಾದು?"

ಕೈಗುಣ ಸರಿಯಿಲ್ಲ ಎನ್ನುವ ಮಾತು ನಮ್ಮ ಸೀಮೆಯಲ್ಲಿ ಎಂಥದು ಎಂಬುದು ಹೆಣ್ಣು ಹೆತ್ತವರಿಗೆ ಗೊತ್ತು. ಒಬ್ಬಳಿಗೆ ಅದು ಅಂಟಿದರೆ ಬಿತ್ತನೆಗೆ ಅವಳನ್ನು ಕರೆಯುವುದಿಲ್ಲ, ಉಪ್ಪಿನಕಾಯಿ ಜಾಡಿ ಮುಟ್ಟಗೊಡುವುದಿಲ್ಲ, ಕರು ಹಾಕಿದ ಹಸುವಿನ ಹತ್ತಿರ ಬಿಡುವುದಿಲ್ಲ. ಬಾಗಿಲ ಹಿಂದೆ ರತ್ನ ನೀರಿನ ಚೊಂಬು ಹಿಡಿದು ನಿಂತಿದ್ದಳು. ಚೊಂಬನ್ನು ಹೊಸಿಲ ಮೇಲೆ ಇಟ್ಟು ಒಳಗೆ ಹೋದಳು. ಮಾದಪ್ಪ ಅದನ್ನು ನೋಡಿದ. ಅಯ್ಯೋ ಎನಿಸಿತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಷ್ಟು ಜನರ ಮುಂದೆ ಆಡಿದ ಮಾತನ್ನು ನುಂಗುವುದು ಕೋಟು ಹಾಕಿದ ಮನುಷ್ಯನಿಗೆ ಆಗಲಿಲ್ಲ.

ವಾರ ಕಳೆದ ಮೇಲೆ, ನಾಲ್ಕು ದಿನ ತೌರಿನಲ್ಲಿ ಇದ್ದು ಬಾ ಎಂದು ಅವಳನ್ನು ಗಾಡಿ ಹತ್ತಿಸಿದರು. ಷಡಕ್ಷರಿ ಅಪ್ಪನ ಮುಂದೆ ಬಾಯಿ ಬಿಡುವ ಮಗನಲ್ಲ. ಹೋಗುವಾಗಲೂ ಮಾತಾಡಲಿಲ್ಲ, ಖಾಲಿ ಗಾಡಿ ಹೊಡೆದುಕೊಂಡು ಬಂದಾಗಲೂ ಮಾತಾಡಲಿಲ್ಲ. ಒಂದೇ ಹೊತ್ತು ಉಣ್ಣತೊಡಗಿದ. ನಾಲ್ಕು ದಿನ ಹೋಗಿ ಮೂರು ತಿಂಗಳಾಯಿತು. ಕರೆತರುವ ಮಾತನ್ನು ಯಾರೂ ಎತ್ತಲಿಲ್ಲ. ಬಂಡಳ್ಳಿಯಲ್ಲಿ ತನ್ನ ತಂಗಿಯ ಮಗಳೊಬ್ಬಳು ಇದ್ದಾಳೆ ಎಂದು ಕೆಂಪನಂಜಪ್ಪ ಎರಡು ಸಲ ಸುಮ್ಮಸುಮ್ಮನೆ ಎಂಬಂತೆ ಹೇಳಿದ.

ಆ ನಡುವೆ ಶಂಕರಮ್ಮ ಒಬ್ಬಳೇ ಒಂದು ಸಾಕಣೆ ಮಾಡಿದಳು. ಹುಳು ಮೈತುಂಬಿಕೊಂಡು ಬೆಳೆದವು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳಲ್ಲಿ ಗೂಡು ಗಟ್ಟಿಯಾಗಿ, ಬಂಗಾರದ ಬಣ್ಣಕ್ಕೆ ನಿಂತವು. ನೋಡಿದಿರಾ ಎಂದಿತು ಊರು. ಇದಕ್ಕಿಂತ ಸಾಕ್ಷಿ ಬೇಕೆ? ಶಂಕರಮ್ಮನಿಗೆ ಗೂಡು ಬಂದ ಸಂತೋಷವೂ ಇರಲಿಲ್ಲ. "ಆ ಹೆಣ್ಮಗ ಬೆಳಗಾಗೆದ್ದು ನನ್ ಕಾಲು ಒತ್ತಾದು. ಅಂತಾವಳ ಕೈಲಿ ಇಂತಾ ಗುಣ ಎಂಗೆ ಬಂತು ಶಿವ್ನೇ," ಎಂದು ಒಲೆಯ ಮುಂದೆ ಕಣ್ಣೊರೆಸಿಕೊಂಡಳು. ಮಾದಪ್ಪನಿಗೆ ತಾನು ಹೇಳಿದ್ದೇ ನಿಜವಾಯಿತಲ್ಲ ಎಂಬ ನೆಮ್ಮದಿ ಬರಬೇಕಾಗಿತ್ತು, ಬರಲಿಲ್ಲ.

ಸೊಸೆಯಿಲ್ಲದ ಮನೆಯಲ್ಲಿ ಎಮ್ಮೆ ಮೇಯಿಸುವ ಕೆಲಸ ಗಾರ್ಡಿನ ಪಾಲಿಗೆ ಬಂದಿತ್ತು. ಒಂದು ದಿನ ತೋಟದ ಬದುವಿನಲ್ಲಿ ಎಳೆ ಗರಿಕೆ ಇದ್ದ ಕಡೆ ಎಮ್ಮೆಯನ್ನು ಬಿಟ್ಟು ಕೂತ. ಅದು ಗರಿಕೆಗೆ ಮೂಗು ಹಾಕಲಿಲ್ಲ. ನೆಟ್ಟಗೆ ತೋಟದ ತಗ್ಗಿಗೆ ಇಳಿದು, ಬುಡದಲ್ಲಿ ಉದುರಿದ್ದ ಹಳದಿ ಎಲೆಗಳನ್ನು ನಾಲಗೆ ಚಾಚಿ ಚಾಚಿ ಎತ್ತಿಕೊಳ್ಳತೊಡಗಿತು. ಹಗ್ಗ ಹಿಡಿದು ಎಳೆದರೂ ಬರಲಿಲ್ಲ. ಎಂಥ ರುಚಿಗೆಟ್ಟ ಪ್ರಾಣಿ ಎಂದು ಬೈಯುತ್ತ ಬಗ್ಗಿದಾಗ ಅವನ ಕಣ್ಣು ಎಲೆಯ ಮೇಲೆ ಬಿತ್ತು. ಅಂಚು ಸುಟ್ಟ ಹಾಗೆ ಕಂದಿತ್ತು. ಮೇಲಿನ ಕುಡಿ ಹಸಿರು, ನಡುವಿನ ಎಲೆ ಹಸಿರು, ಬುಡದ ಎಲೆಗೆ ಮಾತ್ರ ಹೀಗೆ. ಗಿಡ ಗಿಡಕ್ಕೂ ಹೀಗೇ. ಇನ್ನೂ ಗಿಡದಲ್ಲೇ ಇದ್ದ ಒಂದು ಬುಡದ ಎಲೆಯನ್ನು ಕಿತ್ತು, ಧೂಳು ಒರೆಸಿ, ಬಾಯಿಗೆ ಹಾಕಿಕೊಂಡು ಅಗಿದ. ಆಮೇಲೆ ಒಂದು ಕುಡಿ ಎಲೆಯನ್ನು ಅಗಿದ. ಮತ್ತೆ ಬುಡದ್ದು.

"ಥೂ ನನ್ ಮಕಕ್ಕೆ!" ಎಂದ. ಎಮ್ಮೆ ತಲೆಯೆತ್ತಿ ನೋಡಿತು.

ಹಿಪ್ಪುನೇರಳೆ ಕಂಡಲ್ ಮರವಲ್ಲ, ಉಪ್ಪನ್ನು ಸೋಸುವುದೂ ಅದಕ್ಕೆ ಗೊತ್ತಿಲ್ಲ, ಬೆವರುವುದೂ ಗೊತ್ತಿಲ್ಲ. ಆದರೂ ಸೌಳು ನೆಲಕ್ಕೆ ಬಿದ್ದ ಬಡಗಿಡ ತನ್ನ ಕೈಲಾದದ್ದನ್ನು ಮಾಡಿತ್ತು. ಉಪ್ಪನ್ನೆಲ್ಲ ಹಳೆಯ ಎಲೆಗೆ ನೂಕಿ ಕುಡಿಯನ್ನು ಉಳಿಸಿಕೊಂಡಿತ್ತು. ಆ ಎಲೆ ಉದುರಿ ಹೋಗಬೇಕಾದ ಎಲೆ. ರತ್ನ ಅದನ್ನೇ ಕೂತು ಬಿಡಿಸಿ, ಮಡಿಲು ತುಂಬಿ ತಂದು ಹುಳುವಿಗೆ ಉಣಿಸಿದ್ದಳು. ಶಂಕರಮ್ಮನ ಹುಳು ಉಳಿದದ್ದು ಅವಳ ಕೈಗುಣದಿಂದಲ್ಲ, ಸೊಂಟನೋವಿನಿಂದ.

ಆದರೆ ಈ ಸಲ ಮಾದಪ್ಪ ಬಾಯಿಬಿಡಲಿಲ್ಲ. ಒಮ್ಮೆ ಬಾಯಿಬಿಟ್ಟು ಆದದ್ದು ಸಾಕಾಗಿತ್ತು. ಕಾಡಿನ ಸಾಹೇಬರು ಒಂದು ಮಾತನ್ನು ನಂಬುವ ಮೊದಲು ಎರಡು ಪಾತಿ ಹಾಕಿ ನೋಡುತ್ತಿದ್ದುದನ್ನು ಅವನು ಕಂಡಿದ್ದ. ಮುಂದಿನ ಸಾಕಣೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದಾಗ ಹೆಂಡತಿಯ ಮುಂದೆ ಬಂದು ನಿಂತ.

"ಎರಡು ತಟ್ಟೆ ನಂಗೆ ಬುಡು."

"ನಿಮ್ಗಾ? ಹೊಗೆಸೊಪ್ಪು ಅಗ್ದು ಅಗ್ದು ಕೈಯೆಲ್ಲಾ ನಾತ. ಆ ಕೈ ಮುಟ್ಟುದ್ರೆ ಉಳ ಉಳ್ಕಂಡವಾ?"

"ಹೊಗೆಸೊಪ್ಪು ಬುಟ್ಟು ಎಂಟು ದಿನಾಯ್ತು," ಎಂದ ಮಾದಪ್ಪ. ಮೂವತ್ತು ವರ್ಷದ ಚಟವನ್ನು ಇದಕ್ಕಾಗಿಯೇ ಬಿಟ್ಟಿದ್ದ. ಶಂಕರಮ್ಮ ಗಂಡನ ಮುಖವನ್ನೇ ನೋಡಿ, ಎರಡು ತಟ್ಟೆ ಬಿಟ್ಟುಕೊಟ್ಟಳು.

ಒಂದು ತಟ್ಟೆಗೆ ಮೇಲಿನ ಎಲೆ, ಇನ್ನೊಂದಕ್ಕೆ ಬುಡದ ಎಲೆ. ಎರಡನ್ನೂ ತಾನೇ ಕೊಯ್ದ, ತಾನೇ ಹಾಕಿದ, ದಿನಕ್ಕೆ ಐದು ಸಲ. ನಾಲ್ಕನೆಯ ದಿನ ಬುಡದ ಎಲೆಯ ತಟ್ಟೆಯಲ್ಲಿ ಹುಳು ತಲೆ ಎತ್ತಿದವು, ಅಂಚಿಗೆ ಹರಿದವು, ಕಕ್ಕಿದವು. ಪಕ್ಕದ ತಟ್ಟೆಯಲ್ಲಿ ಮಳೆ ಬಿದ್ದ ಹಾಗೆ ಸದ್ದು ಮಾಡುತ್ತ ಮೇಯುತ್ತಿದ್ದವು. ಮಾದಪ್ಪ ಹೆಂಡತಿಯನ್ನೂ ಮಗನನ್ನೂ ಕರೆದು ತೋರಿಸಿದ. ಎರಡೂ ಎ‌ಲೆಗಳನ್ನು ಕೈಗೆ ಕೊಟ್ಟು ಅಗಿಯಿರಿ ಎಂದ. ಶಂಕರಮ್ಮ ಅಗಿದಳು. ಅವಳ ಮುಖ ಸಣ್ಣದಾಯಿತು.

"ಅಂಗಾದ್ರೆ ಆ ಮಗೀನ ಕೈ..." ಎಂದಳು. ಗೋಡೆಗೆ ಒರಗಿ ಕೂತಳು. ಷಡಕ್ಷರಿ ಎಲೆಯನ್ನು ಉಗಿದು, ಯಾರನ್ನೂ ನೋಡದೆ ಹೊರಗೆ ಹೋಗಿ ಗಾಡಿಗೆ ಎತ್ತು ಕಟ್ಟತೊಡಗಿದ.

"ನೀನು ನಾಡಿದ್ದು ಗಾಡಿ ತಕಂಡು ಬಾ ಕಣ್ಲಾ," ಎಂದ ಮಾದಪ್ಪ. "ಮಾತಾಡ್ದೋನು ನಾನು. ಮೊದ್ಲು ನಾನೇ ಓಯ್ತೀನಿ."

ಅದಕ್ಕೆ ಮುಂಚೆ ಕೆಂಪನಂಜಪ್ಪನ ಜಗಲಿಗೆ ಹೋಗಿ, ಅವತ್ತು ತನ್ನ ಜಗಲಿಯಲ್ಲಿ ಕೂತಿದ್ದವರನ್ನೆಲ್ಲ ಕರೆಸಿ, ಎರಡು ಎಲೆಗಳ ಸಂಗತಿ ಹೇಳಿ, ತಾನು ಆಡಿದ್ದು ತಪ್ಪು ಎಂದ. ಯಾರೂ ತಮಾಷೆ ಮಾಡಲಿಲ್ಲ. ಕೋಟನ್ನು ಮನೆಯ ಗೂಟಕ್ಕೆ ತಗುಲಿಸಿ, ಹೆಗಲಿಗೆ ಒಂದು ವಸ್ತ್ರ ಹಾಕಿಕೊಂಡು ಕೋಳಿ ಕೂಗುವ ಹೊತ್ತಿಗೆ ಮಾಂಬಳ್ಳಿಗೆ ನಡೆದ. ದಾರಿಯುದ್ದಕ್ಕೂ ಮನಸ್ಸು ಹಗುರವಾಗಿತ್ತು. ತಪ್ಪು ಎಲೆಯದು ಎಂದು ಕೇಳಿದ ಕೂಡಲೇ ಆ ಹುಡುಗಿಯ ಮುಖ ಹೇಗೆ ಅರಳುತ್ತದೆ ಎಂದು ಎಣಿಸುತ್ತ ಹೋದ. ಮದುವೆ ಮನೆಗೆ ಬುತ್ತಿ ಹೊತ್ತವನ ಹಾಗೆ ಹೆಜ್ಜೆ ಹಾಕಿದ ಎಂದರೂ ಸರಿಯೆ.

ಬಿಸಿಲೇರುವ ಹೊತ್ತಿಗೆ ಬೀಗರ ಮನೆ ತಲುಪಿದ. ರತ್ನನ ತಾಯಿ ಪುಟ್ಟಬಸಮ್ಮ ಕಾಲಿಗೆ ನೀರು ಕೊಟ್ಟಳು, ಕಂಬಳಿ ಹಾಸಿದಳು, ಮಾತಾಡಿಸಲಿಲ್ಲ. ರತ್ನ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಮಾವನನ್ನು ಕಂಡು ಸೆರಗು ಹೊದ್ದು ನಿಂತಳು, ಹತ್ತಿರ ಬರಲಿಲ್ಲ. ಒಳಗಡೆ ತೊಟ್ಟಿಲಲ್ಲಿ ಮಗುವೊಂದು ಅಳುತ್ತಿತ್ತು. ಅದು ಅತ್ತೇ ಅತ್ತಿತು. ರತ್ನ ತೊಟ್ಟಿಲ ಕಡೆ ನೋಡಿದಳು, ಹೋಗಲಿಲ್ಲ. ಪುಟ್ಟಬಸಮ್ಮನೇ ಎದ್ದು ಹೋಗಿ ಎತ್ತಿಕೊಂಡು ಬಂದಳು.

"ನೋಡುದ್ರಾ ಅಣ್ಣ?" ಎಂದಳು ಆಗ. "ಅವಳ ಅಣ್ಣನ ಕೂಸು. ಅತ್ರೂವೆ ಎತ್ಕಳಾಕಿಲ್ಲ. ಸಗಣಿ ಬಾಚ್ತಾಳೆ, ನೀರು ಹೊರ್ತಾಳೆ. ಮೆಣಸಿನ ಪೈರು ಮುಟ್ಟಾಕಿಲ್ಲ, ಹಾಲಿಗೆ ಹೆಪ್ಪು ಆಕಾಕಿಲ್ಲ. ನಾವು ಯಾರೂ ಬ್ಯಾಡ ಅಂದಿಲ್ಲ ಕಣಣ್ಣ. ಅವಳೇ ಮುಟ್ಟಾಕಿಲ್ಲ."

ದಾರಿಯಲ್ಲಿ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಮಾದಪ್ಪನ ಕೆಲಸಕ್ಕೆ ಬಾರದೆ ಹೋದವು. ಊರು ಅವಳನ್ನು ದೂರ ಇಟ್ಟಿದೆ ಎಂದಷ್ಟೇ ಅವನು ತಿಳಿದಿದ್ದ. ಅವಳು ತನ್ನ ಕೈಗಳನ್ನು ತಾನೇ ದೂರ ಇಟ್ಟುಬಿಟ್ಟಿದ್ದಾಳೆ ಎಂದು ತಿಳಿದಿರಲಿಲ್ಲ. ಹೇಗೋ ಶುರುಮಾಡಿ ತೊದಲುತ್ತ ಹೇಳಿದ. ಸೌಳು ನೆಲ, ಬುಡದ ಎಲೆ, ಎರಡು ತಟ್ಟೆ. ವಸ್ತ್ರದ ತುದಿಗೆ ಕಟ್ಟಿ ತಂದಿದ್ದ ಎಲೆಗಳನ್ನು ಬಿಚ್ಚಿಟ್ಟ. ಬಾಡಿಹೋಗಿದ್ದವು. ಪುಟ್ಟಬಸಮ್ಮ ಕೇಳುತ್ತ ಕೇಳುತ್ತ ಅತ್ತಳು. ರತ್ನ ಅಳಲಿಲ್ಲ.

"ಎಲೆ ಅಗ್ದು ನೋಡ್ದೇ ಇದ್ದಿದ್ರೆ ಮಾವ?" ಎಂದಳು. "ನನ್ ಕರಿಯಾಕೆ ಬತ್ತಿದ್ರಾ?"

ಬಾಯಿ ದೊಡ್ಡದೆಂದು ಹೆಸರಾದ ಮನುಷ್ಯ ಬಾಡಿದ ಎಲೆಗಳನ್ನು ಮತ್ತೆ ವಸ್ತ್ರದ ತುದಿಗೆ ಕಟ್ಟಿದ. ಒಂದು ಸುಳ್ಳು ಹೇಳಬಹುದಾಗಿತ್ತು. ಹೇಳಲಿಲ್ಲ.

"ಇಲ್ಲ ಕಣವ್ವ. ಬತ್ತಿರ್ನಿಲ್ಲ."

ರತ್ನ ತಲೆಯಾಡಿಸಿದಳು. ನಿಜ ಹೇಳಿದ್ದಕ್ಕೋ ಏನೋ ಅವಳ ಮುಖ ಸ್ವಲ್ಪ ಸಡಿಲವಾಯಿತು. ಆದರೆ ಸಗಣಿ ಮೆತ್ತಿದ ಎರಡು ಕೈಗಳನ್ನೂ ಸೆರಗಿನೊಳಗೆ ಮರೆಮಾಡಿಕೊಂಡೇ ನಿಂತಿದ್ದಳು. ಮಾತಿನಿಂದ ಆದ ಗಾಯ ಇನ್ನೊಂದು ಮಾತಿನಿಂದ ಮಾಯುವುದಿಲ್ಲ ಎಂಬುದು ಮಾದಪ್ಪನಿಗೆ ಅರವತ್ತರ ಹತ್ತಿರ ಬಂದು ಅವತ್ತು ಗೊತ್ತಾಯಿತು.

"ಕೈ ತೊಳ್ಕಂಡು ಬಾ," ಎಂದ. "ನಂಗೆ ಮೊಸ್ರು ಬೇಕು."

ಪುಟ್ಟಬಸಮ್ಮ ಮೊಸರಿನ ಗಡಿಗೆ ತರಲು ಎದ್ದಳು. ಅವನು ಕೈಯೆತ್ತಿ ತಡೆದ.

"ಅದಲ್ಲ. ಹಾಲು ಕಾಯ್ಸಿ ನನ್ ಸೊಸೆ ಹೆಪ್ಪು ಆಕ್ಲಿ. ಅದು ಮೊಸ್ರಾದ್ ಮ್ಯಾಲೇ ನಾನು ಉಣ್ಣಾದು."

"ಬ್ಯಾಡಿ ಮಾವ," ಎಂದಳು ರತ್ನ. "ಕೆಟ್ಟೋದ್ರೆ?"

"ಕೆಟ್ರೆ ಕೆಟ್ಟಿದ್ದೇ ಉಣ್ತೀನಿ. ಉಣ್ಣದೆ ಏಳಾಕಿಲ್ಲ."

ತಾಯಿ ಹಾಲು ಕಾಯಿಸಿ, ಆರಿಸಿ, ಕುಡಿಕೆಯನ್ನು ಮಗಳ ಮುಂದೆ ಇಟ್ಟಳು. ರತ್ನ ತೊಳೆದ ಕೈಗಳನ್ನು ಮತ್ತೆ ತೊಳೆದು ಬಂದು ಕೂತಳು. ಒಂದು ಚಮಚ ಮೊಸರು ತೆಗೆದುಕೊಂಡು ಹಾಲಿನ ಮೇಲೆ ಹಿಡಿದವಳು ಎಷ್ಟೋ ಹೊತ್ತು ಹಾಗೇ ಹಿಡಿದಿದ್ದಳು. ಮಾದಪ್ಪ ಬೇಕೆಂದೇ ಬೀದಿಯ ಕಡೆ ತಿರುಗಿ ಕೂತ. ಬೆನ್ನ ಹಿಂದೆ ಚಮಚ ಕುಡಿಕೆಗೆ ತಾಗಿದ ಸದ್ದು ಕೇಳಿಸಿತು.

ಅವತ್ತು ಅವನು ಜಗಲಿ ಬಿಟ್ಟು ಏಳಲಿಲ್ಲ. ರೊಟ್ಟಿ ತಂದಿಟ್ಟರು, ಮುಟ್ಟಲಿಲ್ಲ. ಬಿಸಿಲು ನೆತ್ತಿಗೆ ಬಂದು ಇಳಿಯಿತು. ಹೊಲದಿಂದ ಬಂದ ರತ್ನನ ಅಣ್ಣ ಸಂಗತಿ ಕೇಳಿ ಪಕ್ಕದಲ್ಲಿ ಕೂತ. ಒಳಗೆ ರತ್ನ ಕುಡಿಕೆ ಇಟ್ಟ ಮೂಲೆಯ ಕಡೆ ಹೋಗುವುದು, ಮುಚ್ಚಳ ಮುಟ್ಟದೆ ಹಿಂದಿರುಗುವುದು ಅವನಿಗೆ ಕಾಣುತ್ತಿತ್ತು. ನೆರಳು ಬೀದಿಗೆ ಬಿದ್ದ ಹೊತ್ತಿಗೆ ಮಾದಪ್ಪನಿಗೆ ಹಸಿವು ತಡೆಯಲಾಗಲಿಲ್ಲ. ಹಸಿವಿಗಿಂತ ಭಯವೇ ಹೆಚ್ಚಾಗಿತ್ತೋ ಏನೋ.

"ತತ್ತಾರವ್ವ. ಆಗಿರ್ತದೆ," ಎಂದ.

ಅವಳು ಕುಡಿಕೆ ತಂದು ಮುಂದೆ ಇಟ್ಟು, ಕಣ್ಣು ಮುಚ್ಚಿಕೊಂಡು ಮುಚ್ಚಳ ತೆಗೆದಳು. ಅಂಚಿನಲ್ಲಿ ಕಟ್ಟಿತ್ತು, ನಡುವೆ ಇನ್ನೂ ತೆಳ್ಳಗಿತ್ತು. ಮಾದಪ್ಪ ಒಂದು ಬೊಗಸೆ ಕೈಗೆ ಹಾಕಿಸಿಕೊಂಡು ಸುರ್ ಎಂದು ಕುಡಿದ.

"ಆಹಾ! ಏನ್ ಗಟ್ಟಿ ಮೊಸ್ರು! ಚಾಕಲ್ಲಿ ಕುಯ್ಬೇಕು, ಅಂಗಾಗದೆ," ಎಂದ. ಗಡ್ಡದ ಮೇಲಿಂದ ಹಾಲು ತೊಟ್ಟಿಕ್ಕುತ್ತಿತ್ತು.

ರತ್ನ ಕಣ್ಣು ಬಿಟ್ಟಳು. ಮಾವನ ಗಡ್ಡ ನೋಡಿದಳು. ಕುಡಿಕೆಗೆ ತೋರುಬೆರಳು ಅದ್ದಿ ನಾಲಗೆಗೆ ಮುಟ್ಟಿಸಿಕೊಂಡಳು. ಅವಳಿಗೆ ನಗು ಬಂತು, ಅದರ ಹಿಂದೆಯೇ ಮೂರು ತಿಂಗಳು ತಡೆದಿಟ್ಟಿದ್ದ ಅಳುವೂ ಬಂತು. ಕಣ್ಣು ಒರೆಸಿಕೊಳ್ಳುತ್ತ, ಅವನ ಮುಂದಿನಿಂದ ಕುಡಿಕೆಯನ್ನು ಎರಡು ಕೈಯಲ್ಲೂ ಎತ್ತಿಕೊಂಡಳು.

"ಸುಳ್ಳು ಯೇಳ್ಬ್ಯಾಡಿ ಮಾವ, ಇನ್ನೂವೆ ಆಗಿಲ್ಲ," ಎಂದಳು. "ಇನ್ನೊಂದ್ ಗಳ್ಗೆ ತಡೀರಿ. ಆಯ್ತದೆ."